ಹೋಗಿ ಬರ್ತೀನಿ

ಸೋಮವಾರ ಬೆಳಿಗ್ಗೆ ಅಂಗನವಾಡಿ ಬಾಗಿಲು ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಇಲಿ ಸತ್ತಿರಬೇಕು ಅಂತ ನಾನೂ ಸಹಾಯಕಿಯೂ ಮೂಟೆ ಸರಿಸಿ ನೋಡಿದೆವು. ಅಕ್ಕಿ ಮೂಟೆಯ ಹಿಂದೆ ಬೇಯಿಸಿದ ಮೂರು ಮೊಟ್ಟೆ. ಒಂದಕ್ಕೆ ಸಿಪ್ಪೆಯೂ ಇರಲಿಲ್ಲ, ಇರುವೆ ಮುತ್ತಿದ್ದವು.

ಯಾರ ಕೆಲಸ ಅಂತ ಕೇಳೋ ಅಗತ್ಯವೇ ಇರಲಿಲ್ಲ. ನಾಲ್ಕೂವರೆ ವರ್ಷದ ಆ ಹುಡುಗ ಸೇರಿ ಆರು ವಾರ ಆಗಿತ್ತು, ಅಷ್ಟರಲ್ಲೇ ನಾಲ್ಕು ಮಕ್ಕಳನ್ನು ಕಚ್ಚಿದ್ದ. ಕರೆದು ಜೋರಾಗಿ ಬೈದೆ. ಅವನು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಸಹಾಯಕಿ ಗುಡಿಸೋಕೆ ಅಂತ ಪೊರಕೆ ಎತ್ತಿಕೊಂಡರು. ತಟ್ಟನೆ ಕುಕ್ಕರಿಸಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ನನ್ನ ಬೈಗುಳ ಅಲ್ಲಿಗೇ ನಿಂತುಹೋಯಿತು.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆಯ ಊರು. ಹುಡುಗನ ಅಜ್ಜಿ ರೇಷ್ಮೆ ಗೂಡಿನಿಂದ ನೂಲು ತೆಗೆಯೋ ರೀಲಿಂಗ್ ಘಟಕದಲ್ಲಿ ಕೆಲಸಕ್ಕೆ ಹೋಗ್ತಾರೆ, ದಿನವಿಡೀ ಬಿಸಿನೀರಲ್ಲಿ ಗೂಡು ಬೇಯಿಸಿ ಬೆರಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿರುತ್ತೆ. ನಮ್ಮ ಕಡೆ ತೆಲುಗು ಮನೆಗಳಲ್ಲಿ ಅಜ್ಜಿಗೆ ಅವ್ವ ಅಂತಾರೆ. ಅವತ್ತು ಸಂಜೆ ಅವ್ವನ ಮನೆಗೆ ಹೋದೆ. ಹುಡುಗನ ಅಪ್ಪ ಕುಡಿದು ಬಂದು ಹೆಂಡತಿಗೂ ಮಗನಿಗೂ ಬಾರಿಸುತ್ತಿದ್ದನಂತೆ. ತಾಳಲಾರದೆ ತಾಯಿ ಮಗನನ್ನು ಇಲ್ಲಿ ಬಿಟ್ಟು ಬೆಂಗಳೂರಿಗೆ ಮನೆಗೆಲಸಕ್ಕೆ ಹೋದಳು. ಅವಳನ್ನು ದೂರೋ ಮನಸ್ಸು ನನಗಿಲ್ಲ, ಬೇರೆ ದಾರಿ ಇತ್ತಾ? ಆದರೆ ಹೋಗಿದ್ದು ರಾತ್ರಿ, ಮಗ ಮಲಗಿದ್ದಾಗ. "ಎದ್ದಿದ್ರೆ ಬಿಡ್ತಿರಲಿಲ್ಲ, ಅದಕ್ಕೇ ಕಣ್ಣು ತಪ್ಪಿಸಿ ಹೋದ್ಲು. ಅವತ್ತಿಂದ ಇವನು ರಾತ್ರಿ ಮಲಗಲ್ಲ, ಮೊಂಡ" ಅಂದರು ಅವ್ವ. ದೃಷ್ಟಿ ಆಗಿದೆ ಅಂತ ತಾಯತವನ್ನೂ ಕಟ್ಟಿಸಿದ್ದರು. ಕಣ್ಣು ಮುಚ್ಚಿದಾಗ ಅಮ್ಮ ಮಾಯವಾದ ಮೇಲೆ ಯಾವ ಮಗು ಮತ್ತೆ ಧೈರ್ಯವಾಗಿ ಕಣ್ಣು ಮುಚ್ಚುತ್ತೆ?

ಏಟು ತಿಂದು ಬೆಳೆದ ಮಗುವಿನ ಮೈಯೇ ಕಾವಲು ಕಾಯುತ್ತಿರುತ್ತೆ. ಮೆದುಳಿನ ಒಳಗೆ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗವಿದೆ, ಅಪಾಯ ಕಂಡರೆ ಗಂಟೆ ಹೊಡೆಯೋದು ಅದೇ. ಈ ಮಕ್ಕಳಲ್ಲಿ ಅದು ಪೊರಕೆ ಕಂಡರೂ ಹೊಡೆದುಕೊಳ್ಳುತ್ತೆ. ನಿಧಾನಿಸಿ ಯೋಚಿಸೋ ಮುಂಭಾಗದ ಮೆದುಳು ಪೂರ್ತಿ ಬಲಿಯೋಕೆ ಇಪ್ಪತ್ತು ದಾಟಬೇಕು. ನಾಲ್ಕರ ಮಗುವನ್ನು "ಯಾಕೋ ಕಚ್ಚಿದೆ?" ಅಂತ ಕೇಳಿದರೆ ಅದಕ್ಕೇನು ಗೊತ್ತಿರುತ್ತೆ ಪಾಪ. ನಾನು ಆ ಪ್ರಶ್ನೆ ಕೇಳೋದನ್ನೇ ಬಿಟ್ಟೆ.

ಮೊಟ್ಟೆಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟೆ. "ಇದು ನಿಂದು, ಯಾರೂ ಮುಟ್ಟಲ್ಲ. ಸಂಜೆ ಮನೆಗೆ ತಗೊಂಡು ಹೋಗು." ಮೊದಲ ವಾರ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡೋನು. ಮಧ್ಯಾಹ್ನ ಮಲಗಿಸೋದು ಇನ್ನೂ ಕಷ್ಟವಿತ್ತು. ಅವ್ವನ ಹಳೇ ಸೀರೆಯ ತುಂಡು ತರಿಸಿದೆ. ಬೇಯಿಸಿದ ಗೂಡಿನ ಆ ಗಬ್ಬು ನಾತ ಹೊರಗಿನವರಿಗೆ ತಡೆಯೋಕಾಗಲ್ಲ. ಅವನು ಅದನ್ನೇ ಮೂಗಿಗೆ ಒತ್ತಿಕೊಂಡು ಮೂರನೇ ದಿನ ನಿದ್ದೆ ಹೋದ. ಒಗೆಯಬೇಡಿ ಅಂತ ಸಹಾಯಕಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. 1950ರ ದಶಕದಲ್ಲಿ ಹ್ಯಾರಿ ಹಾರ್ಲೋ ಅನ್ನೋ ವಿಜ್ಞಾನಿ ಕೋತಿ ಮರಿಗಳಿಗೆ ಎರಡು ಬೊಂಬೆ ತಾಯಂದಿರನ್ನು ಇಟ್ಟಿದ್ದ. ಒಂದು ತಂತಿಯದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ. ಹಾಲು ತಂತಿಯದರಲ್ಲಿ ಇದ್ದರೂ ಮರಿಗಳು ಅಪ್ಪಿ ಕೂರುತ್ತಿದ್ದದ್ದು ಬಟ್ಟೆಯನ್ನೇ. ಪ್ರಯೋಗ ಕ್ರೂರ, ಆದರೆ ಆ ಸೀರೆ ತುಂಡು ನೋಡಿದಾಗಲೆಲ್ಲ ಅದೇ ನೆನಪಾಗೋದು.

ಎರಡು ತಿಂಗಳಲ್ಲಿ ಕಚ್ಚೋದು ಬಹಳ ಕಡಿಮೆಯಾಯಿತು. ನನಗೆ ಸ್ವಲ್ಪ ಜಂಬವೂ ಬಂತು ಅನ್ನಿ. ಆಗಲೇ ನಾನೇ ಎಡವಿದ್ದು.

ಮೂರು ದಿನದ ತರಬೇತಿಗೆ ಹೋಗಬೇಕಾಯಿತು. ಹೇಳಿದರೆ ಅಳ್ತಾನೆ ಅಂತ ಸುಮ್ನೆ ಹೋದೆ. ಹೌದು, ಕಣ್ಣು ತಪ್ಪಿಸಿಯೇ ಹೋದೆ! ವಾಪಸ್ ಬಂದಾಗ ಬೇರೆ ಮಕ್ಕಳು ಓಡಿ ಬಂದು ಸೆರಗು ಹಿಡಿದರು. ಇವನು ಗೋಡೆ ಕಡೆ ತಿರುಗಿ ಚಕ್ರ ಮುರಿದ ಲಾರಿ ಉರುಳಿಸುತ್ತಾ ಕೂತಿದ್ದ. ನನ್ನ ನೆನಪೇ ಬಂದಿಲ್ಲ ಇವನಿಗೆ ಅಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಕರೆಯೋಕೆ ಹೋದಾಗ ನನ್ನ ಮುಂಗೈಗೇ ಹಲ್ಲು ಹಾಕಿದ. ಡಬ್ಬಿಯಲ್ಲಿ ಮೂರು ದಿನದ ಅನ್ನ ಇತ್ತು.

ಮೇರಿ ಐನ್ಸ್‌ವರ್ತ್ ಅನ್ನೋ ಮನಶ್ಶಾಸ್ತ್ರಜ್ಞೆ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ ಮಕ್ಕಳನ್ನು ಗಮನಿಸಿದವರು. ಅವರ ಒಂದು ಪ್ರಯೋಗದಲ್ಲಿ ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಕೆಲವು ನಿಮಿಷ ಹೊರಗೆ ಹೋಗಿ ಬರಬೇಕು. ಐನ್ಸ್‌ವರ್ತ್ ಮುಖ್ಯವಾಗಿ ನೋಡಿದ್ದು ಮಗು ಎಷ್ಟು ಅತ್ತಿತು ಅಂತ ಅಲ್ಲ, ಅಮ್ಮ ವಾಪಸ್ ಬಂದಾಗ ಏನು ಮಾಡಿತು ಅಂತ. ಕೆಲವು ಮಕ್ಕಳು ಅಪ್ಪಿಕೊಂಡು ಸಮಾಧಾನವಾಗಿ ಮತ್ತೆ ಆಟಕ್ಕೆ ಹೋಗ್ತವೆ. ಕೆಲವು ಎತ್ತಿಕೋ ಅಂತಾನೂ ಅಳ್ತವೆ, ಎತ್ತಿಕೊಂಡರೆ ಒದೀತವೆ. ಇನ್ನು ಕೆಲವು ಮುಖ ತಿರುಗಿಸ್ತವೆ. ಆ ಮುಖ ತಿರುಗಿಸೋ ಮಕ್ಕಳ ಎದೆಬಡಿತವನ್ನು ಆಮೇಲಿನವರು ಅಳೆದು ನೋಡಿದ್ದಾರೆ. ಹೊರಗೆ ತಣ್ಣಗೆ ಕಂಡರೂ ಒಳಗೆ ಡವಡವ. ಇದನ್ನೆಲ್ಲ ನಾನು ಓದಿಯೇ ಇದ್ದೆ ನೋಡಿ. ಗೋಡೆ ಕಡೆ ತಿರುಗಿದ ಬೆನ್ನು ನೋಡಿದಾಗ ಒಂದೂ ಹೊಳೆಯಲಿಲ್ಲ.

ಅವನ ಪಕ್ಕ ನೆಲದ ಮೇಲೆ ಕೂತೆ. "ಹೇಳದೆ ಹೋದೆ. ತಪ್ಪು ನಂದೇ" ಅಂದೆ. ಅವನು ಲಾರಿ ಉರುಳಿಸುತ್ತಲೇ ಇದ್ದ. ಮಾರನೇ ದಿನವೂ ಹಾಗೇ ಕೂತೆ, ಅದರ ಮಾರನೇ ದಿನವೂ.

ನಾವು ಯಾರ ಮನೆಯಿಂದ ಹೊರಟರೂ "ಹೋಗ್ತೀನಿ" ಅನ್ನಲ್ಲ, "ಹೋಗಿ ಬರ್ತೀನಿ" ಅಂತೀವಿ. ಮಕ್ಕಳ ಹತ್ತಿರ ಮಾತ್ರ ಹಿತ್ತಲ ಬಾಗಿಲಿಂದ ಜಾರಿಕೊಳ್ಳೋದು ಯಾಕೆ? ಅಡುಗೆ ಕೋಣೆಗೆ ಹೋದರೂ ಹೇಳಿ ಹೋಗೋಕೆ ಶುರು ಮಾಡಿದೆ. ತಾಯಿಗೂ ಫೋನಲ್ಲಿ ಹೇಳಿಕೊಟ್ಟೆ. ಬಂದರೆ ಹಗಲಲ್ಲೇ ಹೊರಡು, ಅತ್ತರೆ ಅಳಲಿ, ಯಾವಾಗ ಬರ್ತೀಯ ಅನ್ನೋದು ಸುಳ್ಳಾಗಬಾರದು. ಅವಳು ಎರಡು ಸಲ ಮಾತು ಉಳಿಸಿಕೊಂಡಳು, ಒಂದು ಸಲ ರಜೆ ಸಿಗಲಿಲ್ಲ. ಆ ವಾರ ಮತ್ತೆ ಕಚ್ಚಾಟ.

ಎಲ್ಲ ತುಂಟತನಕ್ಕೂ ಇದೇ ಕಾರಣ ಅಂತ ನಾನು ಹೇಳ್ತಿಲ್ಲ. ಕಿವಿ ಸರಿಯಾಗಿ ಕೇಳಿಸದೆ ರಂಪ ಮಾಡುವ ಮಕ್ಕಳನ್ನೂ ನೋಡಿದ್ದೀನಿ. ಅಪ್ಪ ಇನ್ನೂ ಜೊತೆಯಲ್ಲಿದ್ದು ಮೈಮೇಲೆ ಬಾಸುಂಡೆ ಕಂಡಿದ್ದರೆ ಡಬ್ಬಿ, ಸೀರೆ ಅಂತ ಕೂರುತ್ತಿರಲಿಲ್ಲ, ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಿದ್ದೆ.

ಈಗಲೂ ಮೊಟ್ಟೆ ಕೊಟ್ಟ ದಿನ ಅರ್ಧ ತಿಂದು ಅರ್ಧ ಡಬ್ಬಿಗೆ ಹಾಕ್ತಾನೆ. ಮೊನ್ನೆ ಬರಹ ತಿದ್ದಿಸ್ತಾ ಇದ್ದೆ. ಚಡ್ಡಿ ಹಿಡಿದುಕೊಂಡು ಎದ್ದು ಬಾಗಿಲವರೆಗೆ ಓಡಿದವನು ತಿರುಗಿ ನಿಂತ. "ಟೀಚರ್, ಉಚ್ಚೆಗೆ ಹೋಗಿ ಬರ್ತೀನಿ. ಇಲ್ಲೇ ಇರಿ."