ತುಳಸಿಕಟ್ಟೆಗೆ ಕಾವಿ ಬಣ್ಣ ಮಾಡಿದ್ದು

ಕುಮಟಾ ಕಡೆಯ ನಮ್ಮ ಹಳೇ ಮನೆಯ ತುಳಸಿಕಟ್ಟೆಯ ಮೇಲೆ ಕಾವಿ ಚಿತ್ರವಿತ್ತು. ಬಿಳಿ ಸುಣ್ಣದ ಮೇಲೆ ಕೆಂಪು ಪದರ ಬಳಿದು, ಅದು ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿಯನ್ನು ತೋರಿಸುವ ಕೆಲಸ ಅದು. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಸ್ಥಾನದಲ್ಲಿ ಇದನ್ನು ಕಣ್ತುಂಬಾ ನೋಡಬಹುದು. ನಮ್ಮದು ಅಷ್ಟು ದೊಡ್ಡದಲ್ಲ, ಎರಡು ನವಿಲು, ಒಂದು ಬಳ್ಳಿ. ಅರ್ಧ ಉದುರಿ ಹೋಗಿತ್ತು. ನಾನೇ ಸರಿ ಮಾಡುತ್ತೇನೆ ಎಂದು ಹೊರಟೆ.

ಮೊದಲು ಅಂಗಡಿಯಿಂದ ಕೆಂಪು ಪುಡಿ ತಂದೆ. ಸುಣ್ಣಕ್ಕೆ ಕಲಸಿ ಒಂದು ಮೂಲೆಗೆ ಬಳಿದೆ. ಹತ್ತು ದಿನ ಬಿಟ್ಟು ಪಕ್ಕದ ಮನೆಯ ಅಜ್ಜಿ ಬಂದು ಒದ್ದೆ ಅಂಗೈಯಿಂದ ಉಜ್ಜಿ ನೋಡಿದರು. ಕೈಯೆಲ್ಲ ಗುಲಾಬಿ. "ತಮಾ, ಇದು ಕಾವಿ ಅಲ್ಲ, ಬರೀ ಬಣ್ಣದ ನೀರು" ಎಂದರು.

ಉಳಿದ ಪುಡಿಯಲ್ಲಿ ಒಂದು ಚಮಚ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿಟ್ಟೆ. ಬೆಳಿಗ್ಗೆ ಪುಡಿ ತಳ ಸೇರಿತ್ತು, ಆದರೆ ಮೇಲಿನ ನೀರು ಗುಲಾಬಿಯಾಗಿಯೇ ಇತ್ತು. ಕಾವಿಯ ಕೆಂಪು ಕಬ್ಬಿಣದ ಬಣ್ಣ, ಅದು ನೀರಲ್ಲಿ ಕರಗುವುದಿಲ್ಲ. ಅದು ತಳ ಸೇರಿದ ಮೇಲೆ ನೀರಿನಲ್ಲಿ ಬಣ್ಣ ಉಳಿದರೆ, ಬೇರೆ ಏನೋ ಬೆರೆಸಿದ್ದಾರೆ ಎಂದೇ ಅರ್ಥ. ಈಗ ಯಾವ ಪುಡಿ ತಂದರೂ ಮೊದಲು ಲೋಟದ ಪರೀಕ್ಷೆ ಮಾಡಿಯೇ ಮುಟ್ಟುತ್ತೇನೆ.

ಆಮೇಲೆ ಮಣ್ಣಿನಿಂದಲೇ ತೆಗೆಯೋಣ ಅನಿಸಿತು. ನಮ್ಮಲ್ಲಿ ಚಿರೆಕಲ್ಲಿಗೇನು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ) ಬರ. ಕಲ್ಲು ತೆಗೆಯುವ ಜಾಗದಿಂದ ಮೆತ್ತಗಿನ ಕೆಂಪು ಹೆಂಟೆ 5 ಕೆಜಿ, ಹಳದಿ ಹೆಂಟೆ ಸ್ವಲ್ಪ ತಂದೆ. ಕುಟ್ಟಿ, ಬಕೆಟ್‌ನಲ್ಲಿ ನೆನೆಸಿ, ಕೈ ಹಾಕಿ ಚೆನ್ನಾಗಿ ಕಲಕಿದೆ. ಒಂದರಿಂದ ಅರವತ್ತರವರೆಗೆ ಎಣಿಸಬೇಕು. ಅಷ್ಟರಲ್ಲಿ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಬೇಕು. ಹೀಗೆ ನಾಲ್ಕು ಸಲ. ಕೊನೆಯ ನೀರನ್ನು ಎರಡು ದಿನ ಅಲುಗಾಡಿಸದೆ ಇಟ್ಟೆ. ತಿಳಿ ನೀರು ಚೆಲ್ಲಿದಾಗ ತಳದಲ್ಲಿ ಬೆಣ್ಣೆಯಂಥ ಕೆಸರು. ಬೆರಳ ನಡುವೆ ತಿಕ್ಕಿದರೆ ಒಂದು ಕಾಳೂ ಸಿಗಲಿಲ್ಲ. ಒಣಗಿಸಿ ತೂಗಿದರೆ ಅರ್ಧ ಕೆಜಿಯೂ ಇಲ್ಲ, ಆದರೆ ಆ ನುಣುಪು ನೋಡಿ ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನೆಲ್ಲ ಕರೆದು ಮುಟ್ಟಿಸಿದೆ.

ಹಳದಿಯನ್ನೂ ಹೀಗೇ ತೊಳೆದು ಒಣಗಿಸಿ, ಕಬ್ಬಿಣದ ಕಾವಲಿಯ ಮೇಲೆ ಸೌದೆ ಒಲೆಯಲ್ಲಿ ಹುರಿದೆ. ಇಡೀ ಕೆಲಸದಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಹಳದಿ ಮಣ್ಣಿನ ಕಬ್ಬಿಣದೊಳಗೆ ನೀರು ಸೇರಿಕೊಂಡಿರುತ್ತದೆ. ಸುಮಾರು 300 ಡಿಗ್ರಿ ಶಾಖಕ್ಕೆ ಆ ನೀರು ಬಿಟ್ಟುಹೋಗಿ ಕೆಂಪು ಆಕ್ಸೈಡ್ ಉಳಿಯುತ್ತದೆ. ಕಣ್ಣೆದುರೇ ಅರಿಸಿನ ಬಣ್ಣ ಕಿತ್ತಳೆಯಾಗಿ, ಆಮೇಲೆ ಇಟ್ಟಿಗೆಯಾಗುತ್ತದೆ. ಬಿಸಿಯಿರುವಾಗ ಅದು ಕಪ್ಪಾಗಿ ಕಾಣುತ್ತದೆ. ಸೀದು ಹೋಯಿತೆಂದು ನಾನು ಮೊದಲ ಸಲ ಬೇಗ ಇಳಿಸಿಬಿಟ್ಟೆ. ಆರಿದ ಮೇಲೆ ನೋಡಿದರೆ ಇನ್ನೂ ಅರೆಬರೆ ಹಳದಿ. ಚಿಟಿಕೆ ತೆಗೆದು ಆರಲು ಬಿಟ್ಟೇ ಬಣ್ಣ ನೋಡಬೇಕು.

ಬಳ್ಳಿಯ ಅಂಚಿಗೆ ನೀಲಿ ಚೆಂದ ಅಲ್ವಾ ಅನ್ನಿಸಿ, ಮನೆಯಲ್ಲಿದ್ದ ಪ್ರಶ್ಯನ್ ಬ್ಲೂ ಪುಡಿಯನ್ನು ಒಂದು ಹಂಚಿನ ತುಂಡಿನ ಮೇಲೆ ಸುಣ್ಣದ ಜೊತೆ ಬಳಿದು ನೋಡಿದೆ. ಬೆಳಿಗ್ಗೆ ಅಲ್ಲಿ ನೀಲಿಯೇ ಇಲ್ಲ, ತುಕ್ಕಿನ ಕಲೆ ಇತ್ತು. ಆ ನೀಲಿಯೂ ಕಬ್ಬಿಣದ್ದೇ, ಆದರೆ ಸುಣ್ಣದ ಕ್ಷಾರಕ್ಕೆ ಒಡೆದು ಹೋಗುತ್ತದೆ. ಅಲ್ಟ್ರಾಮರೀನ್ ನೀಲಿ ಸುಣ್ಣಕ್ಕೆ ಜಗ್ಗುವುದಿಲ್ಲ. ಆದರೆ ಆ ನೀಲಿಗೆ ಹುಳಿ ಆಗದು. ಲಿಂಬೆರಸ ಬಿದ್ದರೆ ಬಣ್ಣ ಬಿಟ್ಟು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕೊನೆಗೆ ಅಂಚಿಗೂ ಕಾವಿಯೇ ಸಾಕು ಎಂದುಕೊಂಡೆ. ಕೆಂಪು ಬಣ್ಣದ ಇಂಗಳೀಕ, ಹಳದಿ ಬಣ್ಣದ ಹರದಾಳ ಎರಡನ್ನೂ ನಾನು ಮನೆಯೊಳಗೆ ತರುವುದಿಲ್ಲ. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್. ಮನೆಯಲ್ಲಿ ಮಕ್ಕಳಿದ್ದಾರೆ.

ಚಿಪ್ಪಿ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕುಟ್ಟಿ, ಹದಿನೈದು ದಿನ ಹುಳಿಯಲು ಬಿಟ್ಟೆ. ಮೊದಲು ಬಿಳಿ ಗಾರೆ, ಮೇಲೆ ತೆಳ್ಳಗೆ ಕೆಂಪು. ಬಣ್ಣ ಜಾಸ್ತಿ ಹಾಕುವ ಆಸೆ ಬೇಡ. ಅದನ್ನು ಹಿಡಿದಿಡುವಷ್ಟು ಸುಣ್ಣ ಇರಬೇಕು. ಹಸಿ ಇರುವಾಗ ಕಡು ಕೆಂಪು, ಒಣಗಿದ ಮೇಲೆ ಒಂದು ಮಟ್ಟ ತಿಳಿಯಾಗುತ್ತದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು. ಆ ಹದಕ್ಕೆ ಬಂದಾಗ ಕಬ್ಬಿಣದ ಮೊನೆಯಿಂದ ಗೆರೆ ಎಳೆದೆ. ಮೂರು ಗಂಟೆಯಲ್ಲಿ ಒಂದು ನವಿಲು ಮುಗಿಯಿತು.

ಒಂದು ಮಳೆಗಾಲ ಕಳೆದಿದೆ. ಮೊನ್ನೆ ಅಜ್ಜಿ ಮತ್ತೆ ಒದ್ದೆ ಕೈಯಿಂದ ಉಜ್ಜಿದರು. ನವಿಲಿನ ಕಡೆ ಏನೂ ಬಿಡಲಿಲ್ಲ. ಪಶ್ಚಿಮದ ಮೂಲೆಯಲ್ಲಿ ಮಾತ್ರ ಕೆಂಪು ಅಂಟಿತು. ಬಳಿದ ದಿನ ಅಲ್ಲಿಗೆ ಸಂಜೆ ಬಿಸಿಲು ಬಿದ್ದು ಬೇಗ ಒಣಗಿತ್ತು, ನಾನು ಒದ್ದೆ ಗೋಣಿ ಮುಚ್ಚಿರಲಿಲ್ಲ. ಡಬ್ಬಿಯಲ್ಲಿ ಇನ್ನೂ ಕಾಲು ಕೆಜಿ ಕಾವಿ ಇದೆ. ತುಳಸಿ ಮದುವೆಯೊಳಗೆ ಆ ಮೂಲೆ ಕೆರೆದು ಮತ್ತೆ ಬಳಿಯಬೇಕು.