ಬೇರೆಯಾದ ಮೇಲೆ ಮತ್ತೆ ಜನರ ಜೊತೆ ಬೆರೆಯುವುದು ಹೇಗೆ?

ಗಂಡ ಹೆಂಡತಿ ಬೇರೆಯಾದ ಮೇಲೆ ಮೊದಲು ಖಾಲಿಯಾಗುವುದು ಸಂಜೆಗಳು. ‘ಇವತ್ತು ಏನಾಯ್ತು ಗೊತ್ತಾ?’ ಅಂತ ಶುರು ಮಾಡಲು ಮನೆಯಲ್ಲಿ ಯಾರೂ ಇರುವುದಿಲ್ಲ. ಜೋಡಿಯಾಗಿ ಕರೆಯುತ್ತಿದ್ದ ಗೆಳೆಯರು ಯಾರನ್ನು ಕರೆಯಬೇಕೋ ತಿಳಿಯದೆ ಇಬ್ಬರನ್ನೂ ಬಿಟ್ಟುಬಿಡುತ್ತಾರೆ. ಸಂಗಾತಿಯ ಮನೆಯವರಲ್ಲಿ ನಿಮಗೆ ನಿಜಕ್ಕೂ ಹತ್ತಿರವಾಗಿದ್ದವರೂ ಮಾತು ಕಡಿಮೆ ಮಾಡುತ್ತಾರೆ.

ಇದು ಸಣ್ಣ ಪೆಟ್ಟಲ್ಲ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳಿಗೆ ಅವು ತರುವ ಒತ್ತಡದ ಲೆಕ್ಕದಲ್ಲಿ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಬೇರೆ ಬೇರೆ ಇರುವುದಕ್ಕೆ 65. ಜೈಲುವಾಸ ಕೂಡ ಇದರ ಕೆಳಗೆ, 63ರಲ್ಲಿದೆ. ಹಾಗಾಗಿ ‘ಇನ್ನೂ ಯಾಕೆ ಸುಧಾರಿಸಿಕೊಂಡಿಲ್ಲ ನಾನು’ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನಿಧಾನವಾಗಿ ಶುರು ಮಾಡೋಣ.

1. ಯಾವ ಒಂಟಿತನ ಅಂತ ಗುರುತಿಸಿ

ರಾಬರ್ಟ್ ವೈಸ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂಟಿತನದಲ್ಲಿ ಎರಡು ಬಗೆ ಇದೆ ಎಂದರು. ತೀರಾ ಹತ್ತಿರದ ಒಬ್ಬರು ಇಲ್ಲದ್ದು ಒಂದು. ಸುತ್ತ ನಾಲ್ಕು ಜನ ಇಲ್ಲದ್ದು ಇನ್ನೊಂದು. ಸಂಗಾತಿಯಿಲ್ಲದೆ ಮಕ್ಕಳನ್ನು ಬೆಳೆಸುತ್ತಿದ್ದವರ ಸಂಘವೊಂದನ್ನು ಅವರು ಹತ್ತಿರದಿಂದ ನೋಡಿದ್ದರು. ಅಲ್ಲಿ ಒಳ್ಳೆಯ ಗೆಳೆತನ ಸಿಕ್ಕವರಿಗೂ ಮೊದಲನೆಯ ಕೊರಗು ಹೋಗಿರಲಿಲ್ಲ.

ಇದನ್ನು ಮೊದಲೇ ತಿಳಿದುಕೊಂಡರೆ ಒಂದು ದೊಡ್ಡ ನಿರಾಸೆ ತಪ್ಪುತ್ತದೆ. ಗೆಳೆಯರ ಜೊತೆ ನಕ್ಕು ಮನೆಗೆ ಬಂದು ಬಾಗಿಲು ತೆಗೆದಾಗ ಎದೆ ಭಾರವಾದರೆ, ‘ಹೊರಗೆ ಹೋಗಿ ಏನೂ ಉಪಯೋಗ ಆಗಲಿಲ್ಲ’ ಅಂತ ಅನ್ನಿಸುತ್ತದೆ. ಉಪಯೋಗ ಆಗಿದೆ. ಎರಡನೆಯ ಒಂಟಿತನ ಅಷ್ಟು ಕಡಿಮೆಯಾಗಿದೆ. ಮೊದಲನೆಯದಕ್ಕೆ ಬೇರೆಯೇ ಸಮಯ ಬೇಕು. ಈ ಲೇಖನ ಎರಡನೆಯದರ ಬಗ್ಗೆ. ಅದು ನಮ್ಮ ಕೈಯಲ್ಲಿ ಹೆಚ್ಚು ಇರುವಂಥದ್ದು.

2. ಉಳಿದವರ ಪಟ್ಟಿ ಮಾಡಿ

ಒಂದು ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. ನಿಮ್ಮ ಕಡೆಯವರು, ಇಬ್ಬರಿಗೂ ಬೇಕಾದವರು, ಮದುವೆಯ ಗಡಿಬಿಡಿಯಲ್ಲಿ ಕೈಬಿಟ್ಟುಹೋದ ಹಳೆಯ ಗೆಳೆಯರು. ಈ ಮೂರನೇ ಗುಂಪನ್ನು ಎಲ್ಲರೂ ಮರೆಯುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ಅಲ್ಲಿಂದಲೇ. ಅವರು ನಿಮ್ಮನ್ನು ಇನ್ನೊಬ್ಬರ ಗಂಡ ಅಥವಾ ಹೆಂಡತಿ ಆಗುವ ಮೊದಲೇ ಬಲ್ಲವರು.

‘ಇಷ್ಟು ವರ್ಷ ಸುಮ್ಮನಿದ್ದು ಈಗ ಹೇಗೆ ಮಾತಾಡಿಸಲಿ?’ ಅಂತ ಹಿಂಜರಿಕೆ ಸಹಜ. ಪೆಗ್ಗಿ ಲಿಯು ಮತ್ತು ಜೊತೆಗಾರರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಧೈರ್ಯ ಕೊಡುತ್ತದೆ. ಸುಮ್ನೆ ನೆನಪಾಗಿ ಮಾತಾಡಿಸಿದರೆ ಎದುರಿನವರಿಗೆ ಎಷ್ಟು ಖುಷಿಯಾಗುತ್ತದೆ ಎಂಬುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವಂತೆ. ನಿರೀಕ್ಷೆಯೇ ಇಲ್ಲದ ಕಡೆ ಖುಷಿ ಇನ್ನೂ ಜಾಸ್ತಿ. ಎರಡು ಸಾಲು ಸಾಕು: ‘ನೀನು ನೆನಪಾದೆ. ಹೇಗಿದ್ದೀಯ?’ ಬೇರೆಯಾದ ಕಥೆಯನ್ನೆಲ್ಲ ಮೊದಲ ಮೆಸೇಜಿನಲ್ಲೇ ಹೇಳಬೇಕಿಲ್ಲ.

ಇಬ್ಬರಿಗೂ ಬೇಕಾದವರ ಹತ್ತಿರ ಒಂದು ಮಾತನ್ನು ನೀವೇ ಮೊದಲು ಹೇಳಿ: ‘ನೀವು ಯಾರ ಪಕ್ಷವನ್ನೂ ವಹಿಸಬೇಕಾಗಿಲ್ಲ.’ ಅವರು ದೂರ ಉಳಿಯುವುದು ಎಷ್ಟೋ ಸಲ ಈ ಭಯಕ್ಕೇ.

3. ಒಂದು ಉತ್ತರ ಸಿದ್ಧ ಮಾಡಿಟ್ಟುಕೊಳ್ಳಿ

‘ಎಲ್ಲಿ, ಒಬ್ಬರೇ ಬಂದಿದ್ದೀರಾ?’ ಈ ಪ್ರಶ್ನೆಗೆ ಹೆದರಿಯೇ ಜನ ಹೊರಗೆ ಹೋಗುವುದನ್ನು ಬಿಡುತ್ತಾರೆ. ಅದಕ್ಕೆ ‘ನಾವು ಈಗ ಬೇರೆ ಇದ್ದೇವೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಕೆಲಸ ಹೇಗೆ ನಡೀತಿದೆ?’ ಎಂಬಂಥ ಉತ್ತರ ಇಟ್ಟುಕೊಳ್ಳಿ. ವಿಷಯ ಹೇಳಿ, ಮಾತು ತಿರುಗಿಸಿ. ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು. ಕಾರಣ ಕೆದಕಿದರೆ ‘ಅದರ ಬಗ್ಗೆ ಈಗ ಬೇಡ’ ಅನ್ನುವ ಹಕ್ಕು ನಿಮಗಿದೆ.

4. ವಾರಕ್ಕೊಂದು ಕಡೆ, ಅದೇ ಹೊತ್ತಿಗೆ, ಅದೇ ಜನ

ಇದೇ ಇಡೀ ಕೆಲಸದ ತಿರುಳು. ಒಂದು ದೊಡ್ಡ ಪಾರ್ಟಿಗೆ ಹೋಗಿ ಬಂದರೆ ಗೆಳೆಯರಾಗುವುದಿಲ್ಲ. ಅವೇ ಮುಖಗಳನ್ನು ಮತ್ತೆ ಮತ್ತೆ ನೋಡಬೇಕು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಇದರ ಅಂದಾಜು ಕೊಟ್ಟರು. ಪರಿಚಿತರು ಮೇಲುಮೇಲಿನ ಗೆಳೆಯರಾಗಲು ಸುಮಾರು 50 ಗಂಟೆ, ಗೆಳೆಯರಾಗಲು 90 ಗಂಟೆ, ಆಪ್ತರಾಗಲು 200ಕ್ಕೂ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕು. ಆಫೀಸಿನಲ್ಲಿ ಪಕ್ಕದಲ್ಲಿ ಕೂತು ಕೆಲಸ ಮಾಡಿದ ಹೊತ್ತು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹರಟೆ, ಆಟ, ತಿರುಗಾಟದ ಹೊತ್ತು ಬರುತ್ತದೆ.

ಈಗ ನೀವೇ ಲೆಕ್ಕ ಹಾಕಿ. ವಾರಕ್ಕೆ 2 ಗಂಟೆ ಸಿಕ್ಕರೆ 50 ಗಂಟೆಗೆ ಹತ್ತಿರ ಹತ್ತಿರ ಆರು ತಿಂಗಳು ಬೇಕು. ಮೂರು ವಾರ ಹೋಗಿ ‘ಯಾರೂ ಹತ್ತಿರವಾಗಲಿಲ್ಲ’ ಅಂತ ಬಿಡುವುದು ತುಂಬ ಬೇಗ ಆಯಿತು, ಅಲ್ವಾ?

ಹಾಡಿನ ತಂಡ, ನಡಿಗೆಯ ಗುಂಪು, ಭಾಷೆ ಕಲಿಯುವ ತರಗತಿ, ಸ್ವಯಂಸೇವೆ, ಬ್ಯಾಡ್ಮಿಂಟನ್ ಯಾವುದಾದರೂ ಸರಿ. ಆರಿಸುವಾಗ ಎರಡು ವಿಷಯ ನೋಡಿ. ಜೋಡಿಗಳೇ ತುಂಬಿರಬಾರದು. ಕೈಗೊಂದು ಕೆಲಸ ಇರಬೇಕು. ಕೈಗೆ ಕೆಲಸವಿದ್ದರೆ ಮಾತು ನಿಂತಾಗ ಮುಜುಗರ ಆಗುವುದಿಲ್ಲ. ಮೊದಲ ದಿನ ‘ಅರ್ಧ ಗಂಟೆ ಇದ್ದು ಬರುತ್ತೇನೆ’ ಅಂತ ಮಾತ್ರ ಅಂದುಕೊಂಡು ಹೋಗಿ. ವಾಪಸ್ ಬರುವಾಗ ‘ಪೆದ್ದುಪೆದ್ದಾಗಿ ಮಾತಾಡಿಬಿಟ್ಟೆ’ ಅನ್ನಿಸಬಹುದು. ಎರಿಕಾ ಬೂಥ್‌ಬಿ ಮತ್ತು ಸಂಗಡಿಗರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಹೊಸಬರ ಜೊತೆ ಮಾತಾಡಿದ ಮೇಲೆ, ಅವರಿಗೆ ನಾವು ಎಷ್ಟು ಇಷ್ಟವಾದೆವು ಎಂಬುದನ್ನು ನಾವು ಇದ್ದದ್ದಕ್ಕಿಂತ ಕಡಿಮೆ ಅಂದುಕೊಳ್ಳುತ್ತೇವೆ.

ಅಂಗಡಿಯವರು, ಪಕ್ಕದ ಮನೆಯವರು, ದಿನಾ ಬಸ್ಸಿಗೆ ಕಾಯುವವರು, ಇವರನ್ನೂ ಬಿಡಬೇಡಿ. ಇಂಥ ಸಣ್ಣಪುಟ್ಟ ಮಾತುಕತೆ ಜಾಸ್ತಿ ಇದ್ದ ದಿನ ಜನ ಹೆಚ್ಚು ಖುಷಿಯಾಗಿರುತ್ತಾರೆ ಎಂದು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ತೋರಿಸಿದ್ದಾರೆ.

5. ಮೂಡ್ ಬರಲಿ ಅಂತ ಕಾಯಬೇಡಿ

ಬೇಜಾರಿನಲ್ಲಿ ಇರುವಾಗ ಯಾವುದೂ ಬೇಡ ಅನ್ನಿಸುತ್ತದೆ. ಏನೂ ಮಾಡದೆ ಕೂತರೆ ಬೇಜಾರು ಇನ್ನೂ ಹೆಚ್ಚುತ್ತದೆ. ಪೀಟರ್ ಲೆವಿನ್ಸನ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಈ ಸುಳಿಯನ್ನು ತಿರುಗಿಸುವ ದಾರಿ ಹುಡುಕಿದರು. ಮೊದಲು ಮಾಡಿ, ಖುಷಿ ಆಮೇಲೆ ಬರುತ್ತದೆ ಎಂಬುದು ಅವರ ಕ್ರಮ. ಅವರ ತಂಡ ಮನಸ್ಸಿಗೆ ಹಿತವಾಗುವ 320 ಸಂಗತಿಗಳ ಪಟ್ಟಿಯನ್ನೇ ಮಾಡಿತ್ತು.

ನಿಮಗೆ 20 ಸಾಕು. ಹತ್ತು ನಿಮಿಷದಲ್ಲಿ ಮುಗಿಯುವಂಥವು ಅರ್ಧದಷ್ಟಿರಲಿ: ಬಿಸಿಲಿಗೆ ಕೂರುವುದು, ಗಿಡಕ್ಕೆ ನೀರು ಹಾಕುವುದು, ಹಾಸಿಗೆಗೆ ಒಗೆದ ಹಾಸು ಹಾಕುವುದು. ಉಳಿದದ್ದರಲ್ಲಿ ಮದುವೆಯಲ್ಲಿ ಇದ್ದಾಗ ಬಿಟ್ಟುಕೊಟ್ಟ ಇಷ್ಟಗಳನ್ನು ಸೇರಿಸಿ. ಸಂಗಾತಿಗೆ ಆಗದು ಅಂತ ನಿಲ್ಲಿಸಿದ ಸಂಗೀತ, ಕೊಳ್ಳದೇ ಬಿಟ್ಟ ಬಣ್ಣದ ಪರದೆ, ತಡರಾತ್ರಿ ದೀಪ ಹಾಕಿಕೊಂಡು ಓದುವುದು. ಇವನ್ನು ಸಣ್ಣತನ ಅಂದುಕೊಳ್ಳಬೇಡಿ. ಯಾರನ್ನೂ ಕೇಳದೆ ಇಷ್ಟಪಡುವುದನ್ನು ಮತ್ತೆ ಕಲಿಯಬೇಕಾಗುತ್ತದೆ.

ಆಮೇಲೆ ವಾರದ ಯಾವ ಹೊತ್ತು ಹೆಚ್ಚು ಹಿಂಸೆ ಅಂತ ಗುರುತು ಹಾಕಿ. ಸಾಮಾನ್ಯವಾಗಿ ಭಾನುವಾರದ ಸಂಜೆ, ರಾತ್ರಿ ಊಟದ ಹೊತ್ತು, ಮಕ್ಕಳು ಸಂಗಾತಿಯಾಗಿದ್ದವರ ಮನೆಗೆ ಹೋದ ಮೊದಲ ಕೆಲವು ಗಂಟೆ. ಪಟ್ಟಿಯಲ್ಲಿರುವುದನ್ನು ಆ ಹೊತ್ತಿಗೇ ಜೋಡಿಸಿ. ಊಟವನ್ನು ಒಲೆಯ ಪಕ್ಕ ನಿಂತು ಮುಗಿಸಬೇಡಿ. ತಟ್ಟೆಗೆ ಬಡಿಸಿಕೊಂಡು ಕೂತು ತಿನ್ನಿ.

6. ಕೆಲವನ್ನು ದೂರ ಇಡಿ

ಸಂಗಾತಿಯಾಗಿದ್ದವರ ಪೋಸ್ಟುಗಳನ್ನು ರಾತ್ರಿ ನೋಡುವುದು ಬೇಡ. ಅವು ಕಣ್ಣಿಗೆ ಬೀಳದ ಹಾಗೆ ಮ್ಯೂಟ್ ಮಾಡಿ. ಮಕ್ಕಳನ್ನು ಸುದ್ದಿ ತರುವವರನ್ನಾಗಿ ಮಾಡಬೇಡಿ, ಅವರೇ ನಿಮ್ಮ ಏಕೈಕ ಗೆಳೆಯರೂ ಆಗದಿರಲಿ. ಕುಡಿತ ನಿದ್ದೆಯನ್ನೂ ಮನಸ್ಸನ್ನೂ ಕೆಡಿಸುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಆಸಕ್ತಿ ಎಲ್ಲ ಸತ್ತಂತಿದ್ದರೆ ವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಈಗಲೇ ಹತ್ತಿರದವರಿಗೆ ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.

7. ನೀವೇ ಕರೆಯಿರಿ

ಜನ ಕರೆಯಲಿ ಅಂತ ಕಾದರೆ ತುಂಬ ಕಾಯಬೇಕಾಗುತ್ತದೆ. ಒಬ್ಬರನ್ನೋ ಇಬ್ಬರನ್ನೋ ಮನೆಗೆ ಕರೆಯಿರಿ. ‘ನಾಲ್ಕರಿಂದ ಆರರವರೆಗೆ’ ಅಂತ ಹೊತ್ತು ಹೇಳಿಬಿಡಿ, ಇಬ್ಬರಿಗೂ ನಿರಾಳ. ಮನೆ ಅರ್ಧ ಖಾಲಿ ಇದ್ದರೂ ಪರವಾಗಿಲ್ಲ. ‘ಏನು ತರಲಿ?’ ಅಂತ ಕೇಳಿದರೆ ‘ಏನೂ ಬೇಡ’ ಅನ್ನದೆ ಏನಾದರೊಂದು ಹೇಳಿ. ಹೊರಡುವಾಗ ಬಾಗಿಲಲ್ಲೇ ಮುಂದಿನ ಭೇಟಿಯ ದಿನ ಗೊತ್ತು ಮಾಡಿಕೊಳ್ಳಿ. ಅದನ್ನು ಕ್ಯಾಲೆಂಡರಿನಲ್ಲಿ ಅವತ್ತೇ ಬರೆದಿಡಿ.