ಕಲಬುರಗಿಯಿಂದ ದೆಹಲಿಗೆ ನಾನು ಕೂಡಿಸುವ ಲೆಕ್ಕ

ಕಲಬುರಗಿಯಲ್ಲಿ ವಿಮಾನದ ಟಿಕೆಟ್, ಕಾರು ಮಾಡಿಕೊಡುವುದು ನನ್ನ ಕೆಲಸ. ಗಿರಾಕಿಗಳಿಗೆ ಕಿಲೋಮೀಟರ್ ಹೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಮನೆ ಬಾಗಿಲಿನಿಂದ ಎಷ್ಟು ಗಂಟೆ ಅಂತಷ್ಟೇ ಹೇಳುತ್ತೇನೆ. ಪಕ್ಕದ ಟ್ರಾವೆಲ್ಸ್‌ನ ಹಿರಿಯರು ಮೊದಲು ನಕ್ಕಿದ್ದೇ ನಕ್ಕಿದ್ದು. "ಲೆಕ್ಕದಾಗ ವಿಮಾನ ಹಾರಂಗಿಲ್ಲ ತಮ್ಮಾ" ಅಂದಿದ್ದರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಎರಡು ನಿಲ್ದಾಣಗಳ ನಡುವಿನ ನೇರ ದೂರ ತಗೊಳ್ಳಿ. ಜೆಟ್ ಆದರೆ ನಿಮಿಷಕ್ಕೆ 13 ಕಿ.ಮೀ. ಹಿಡಿಯಿರಿ. ಏರಲು, ಇಳಿಯಲು, ರನ್‌ವೇಗೆ ಹೋಗಿ ಬರಲು ಅರ್ಧ ಗಂಟೆ ಸೇರಿಸಿ. ಹೈದರಾಬಾದ್‌–ದೆಹಲಿ ಸುಮಾರು 1,260 ಕಿ.ಮೀ., ಅಂದರೆ ಎರಡು ಗಂಟೆ ಚಿಲ್ಲರೆ. ಟಿಕೆಟ್ ಮೇಲಿನ ಸಮಯಕ್ಕೂ ಇದಕ್ಕೂ ಹತ್ತು ನಿಮಿಷ ಆಚೀಚೆ, ಅಷ್ಟೇ. ಎಟಿಆರ್‌ಗೆ, ಅಂದರೆ ಪಂಖದ ಸಣ್ಣ ವಿಮಾನಕ್ಕೆ ಮಾತ್ರ ಇದು ಹೊಂದಲ್ಲ. ನಮ್ಮ ಶ್ರೀನಿವಾಸ ಸರಡಗಿ ನಿಲ್ದಾಣದಿಂದ ಬೆಂಗಳೂರಿಗೆ ನೇರ 460ರ ಆಸುಪಾಸು. 13 ಹಾಕಿದರೆ ಒಂದು ಗಂಟೆ ಐದು ನಿಮಿಷ ಬರುತ್ತದೆ. ಪಂಖದ ವಿಮಾನ ಅಷ್ಟರೊಳಗೆ ಮುಟ್ಟಲ್ಲ. ಅದಕ್ಕೆ 8 ಹಾಕಿ.

ದುಡ್ಡು ಕಳೆದದ್ದು ಆಕಾಶದಲ್ಲಿ ಅಲ್ಲ, ರಸ್ತೆಯಲ್ಲಿ. ದೆಹಲಿ ವಿಮಾನ ಹತ್ತಿಸುವುದು ಹೈದರಾಬಾದಿನ ಶಂಷಾಬಾದ್ ನಿಲ್ದಾಣದಲ್ಲಿ. ಅಲ್ಲಿಗೆ ಸೇಡಂ–ತಾಂಡೂರು ದಾರಿ ನಕ್ಷೆಯಲ್ಲಿ ಹತ್ತಿರ ಅಂತ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಒಮ್ಮೆ ನಾಲ್ಕು ಜನರನ್ನು ಆ ಕಡೆ ಕಳಿಸಿದೆ. ಮಳಖೇಡ ದಾಟಿದ ಮೇಲೆ ಸಿಮೆಂಟ್ ಲಾರಿಗಳ ಸಾಲು. ಓವರ್‌ಟೇಕ್ ಮಾಡಲು ಜಾಗ ಇಲ್ಲ, ಧೂಳಿಗೆ ಗಾಜು ಇಳಿಸುವ ಹಾಗಿಲ್ಲ. ವಿಮಾನ ತಪ್ಪಿತು. ಕೌಂಟರ್‌ನಲ್ಲಿ ಹೊಸ ಟಿಕೆಟ್, ಮೂವತ್ತು ಸಾವಿರದ ಹತ್ತಿರ. ಎರಡು ತಿಂಗಳ ಕಮಿಷನ್ ಹೋಯ್ತು.

ಆಮೇಲೆ ಹುಮನಾಬಾದ್–ಜಹೀರಾಬಾದ್ ಹಿಡಿದೆ. ದೂರ ಜಾಸ್ತಿ, 240ರ ಹತ್ತಿರ. ಆದರೆ ಮುತ್ತಂಗಿಯಲ್ಲಿ ಔಟರ್ ರಿಂಗ್ ರೋಡ್ ಹತ್ತಿದರೆ ಹೈದರಾಬಾದ್ ಊರೊಳಗೆ ಕಾಲಿಡದೆ ಶಂಷಾಬಾದ್ ಸೇರಬಹುದು. ನಾಲ್ಕೂವರೆ ಗಂಟೆ. ಮಳೆಗಾಲದಲ್ಲಿ ಇದಕ್ಕೆ ಎಷ್ಟು ಸೇರಿಸಬೇಕು, ಯಾವ ಹೊತ್ತಿಗೆ ಬಿಡಬಾರದು ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ.

ನೆಹರು ಗಂಜಿನ ತೊಗರಿ ಸಾವ್ಕಾರರೊಬ್ಬರಿಗೆ ಮಧ್ಯಾಹ್ನ ಎರಡಕ್ಕೆ ದೆಹಲಿಯಲ್ಲಿ ಮೀಟಿಂಗ್. ಬೆಂಗಳೂರಿನಿಂದಲೇ ಹೋಗುತ್ತೇನೆ ಅಂತ ಹಟ. ವಂದೇ ಭಾರತ್‌ನಲ್ಲೇ ಎಂಟೂ ಮುಕ್ಕಾಲು ಗಂಟೆ, ಅಲ್ಲಿಂದ ದೇವನಹಳ್ಳಿ, ಆಮೇಲೆ 1,700 ಕಿ.ಮೀ. ಹಾರಾಟ. ಉತ್ತರಕ್ಕೆ ಹೋಗುವವರು ದಕ್ಷಿಣಕ್ಕೆ ಯಾಕೆ ಹೋಗಬೇಕು, ಅಲ್ವಾ? ನಸುಕಿನ ಮೂರಕ್ಕೆ ಕಾರು ಹತ್ತಿಸಿದೆ. ಏಳೂವರೆಗೆ ಶಂಷಾಬಾದ್, ಒಂಬತ್ತೂವರೆ ವಿಮಾನ, ಹನ್ನೆರಡರೊಳಗೆ ದೆಹಲಿಯಿಂದ ಫೋನ್: "ಮುಟ್ಟಿದೆ ನೋಡ್ರಿ". ಈಗ ಆ ಓಣಿಯ ಅರ್ಧ ಗಂಜ್ ನನ್ನ ಗಿರಾಕಿ.

ಉಮ್ರಾಕ್ಕೆ, ಅಂದರೆ ಮೆಕ್ಕಾ ಯಾತ್ರೆಗೆ ಹೋಗುವ ಗುಂಪುಗಳ ಮೇಲೂ ಸುಮ್ನೆ ಪರೀಕ್ಷೆ ಮಾಡಿದೆ. ಹೈದರಾಬಾದ್–ಜಿದ್ದಾ ಸುಮಾರು 4,100 ಕಿ.ಮೀ., ಲೆಕ್ಕ ಐದೂ ಮುಕ್ಕಾಲು ಗಂಟೆ. ಹೋಗುವಾಗ ಸರಿಹೋಯ್ತು. ಬರುವಾಗ ಬೇಗ ಬಂದರು. ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ದೆಹಲಿ ದಾರಿ ದಕ್ಷಿಣೋತ್ತರ, ಅಲ್ಲಿ ಗಾಳಿಯ ಆಟ ಕಡಿಮೆ.

ಬೀದರಿನವರಿಗೆ ಶಂಷಾಬಾದ್ ಹೇಗೂ ಹತ್ತಿರ. ಯಾದಗಿರಿ ಗಿರಾಕಿಗಳಿಗೆ ಮಾತ್ರ ಗುರುಮಠಕಲ್–ನಾರಾಯಣಪೇಟ–ಮಹಬೂಬನಗರ ದಾರಿ ಹಾಕಿ ನೋಡುತ್ತಿದ್ದೇನೆ. ಶಂಷಾಬಾದ್ ಆ ಹೆದ್ದಾರಿಯಲ್ಲೇ ಸಿಗುತ್ತದೆ. ಆದರೆ ಡ್ರೈವರ್‌ಗಳು ಒಬ್ಬೊಬ್ಬರು ಒಂದೊಂದು ಸಮಯ ಹೇಳುತ್ತಿದ್ದಾರೆ, ಅದಕ್ಕೆ ಇನ್ನೂ ಯಾರಿಗೂ ಮಾತು ಕೊಟ್ಟಿಲ್ಲ.